ಕೊಂಡವರು ಕೂರುವುದಿಲ್ಲ

ಹುಬ್ಬಳ್ಳಿಯ ಯಾವುದಾದರೊಂದು ಟ್ರ್ಯಾಕ್ಟರ್ ಶೋರೂಮಿನಲ್ಲಿ ಒಂದು ತಾಸು ಸುಮ್ಮನೆ ನಿಂತು ನೋಡಿ. ನವಲಗುಂದದ ಕಡೆಯಿಂದಲೋ ಕುಂದಗೋಳದ ಕಡೆಯಿಂದಲೋ ನಾಲ್ಕಾರು ಜನ ಕೂಡಿ ಬಂದಿರುತ್ತಾರೆ. ಹೊಲದ ಯಜಮಾನರು, ಅವರ ಮಗ, ಒಬ್ಬ ಅಳಿಯ, ಊರಲ್ಲಿ ಮೊದಲೇ ಟ್ರ್ಯಾಕ್ಟರ್ ಇಟ್ಟು ಅನುಭವ ಇರುವ ಒಬ್ಬರು. ಎಚ್.ಪಿ. ಎಷ್ಟು, ಎಣ್ಣೆ ಎಷ್ಟು ಕುಡಿಯುತ್ತದೆ, ರೂಟರ್ ಎಳೆಯುವಾಗ ಉಸಿರು ಕಟ್ಟುತ್ತದೆಯೇ, ಲಿಫ್ಟು ಎಷ್ಟು ತೂಕ ಎತ್ತುತ್ತದೆ, ಫೈನಾನ್ಸಿನವರ ಬಡ್ಡಿ ಎಷ್ಟು ಎಂದು ಎಲ್ಲವೂ ವಿಚಾರಣೆಯಾಗುತ್ತದೆ. ಆಮೇಲೆ ಮಗ ಹತ್ತಿ ಕೂತು ಸ್ಟೇರಿಂಗ್ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾನೆ. ಯಜಮಾನರು ಅಂಗೈಯಿಂದ ಸೀಟನ್ನು ಒಮ್ಮೆ ಒತ್ತಿ ನೋಡುತ್ತಾರೆ. "ಮೆತ್ತಗೈತಿ." ಸೀಟಿನ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಆ ಗುಂಪಿನಲ್ಲಿ ಬಹುತೇಕ ಇಲ್ಲದವನೆಂದರೆ ಡ್ರೈವರ್. ಮುಂದಿನ ಹತ್ತು ವರ್ಷ ಆ ಸೀಟಿನ ಮೇಲೆ ದಿನಗಟ್ಟಲೆ ಕೂರುವವನು ಅವನು. ಅವನ ಟೊಂಕದ ವ್ಯವಹಾರವನ್ನು ಬೇರೆಯವರ ಅಂಗೈ ತೀರ್ಮಾನಿಸುತ್ತದೆ.

ಮೆತ್ತಗಿರುವುದು ಬೇರೆ, ಕುಲುಕು ತಡೆಯುವುದು ಬೇರೆ. ಅಂಗೈ ಮೋಸ ಹೋಗುವುದು ಇಲ್ಲಿಯೇ. ಕೂತ ಮನುಷ್ಯನ ಮುಂಡವನ್ನು ಕೆಳಗಿನಿಂದ ಅಲುಗಿಸಿದರೆ ಎಲ್ಲ ವೇಗದಲ್ಲೂ ಅದು ಒಂದೇ ತರಹ ಅಲುಗುವುದಿಲ್ಲ. ಸೆಕೆಂಡಿಗೆ ಸುಮಾರು ನಾಲ್ಕರಿಂದ ಎಂಟು ಸಲದ ಅಲುಗಾಟಕ್ಕೆ ಬೆನ್ನೆಲುಬು ಮತ್ತು ಹೊಟ್ಟೆಯ ಅಂಗಗಳು ತಾವೂ ಸೇರಿ ಕುಣಿಯತೊಡಗುತ್ತವೆ, ಕೆಳಗಿಂದ ಬಂದದ್ದು ಮೈಯೊಳಗೆ ಹೆಚ್ಚಾಗುತ್ತದೆ. ಇಡೀ ದೇಹದ ಕಂಪನವನ್ನು ಅಳೆಯುವ ಅಂತರರಾಷ್ಟ್ರೀಯ ಮಾನಕ ಐ.ಎಸ್.ಒ. 2631, ಲಂಬ ದಿಕ್ಕಿನಲ್ಲಿ ಈ ಪಟ್ಟಿಗೇ ಹೆಚ್ಚು ತೂಕ ಕೊಡುವುದು ಇದೇ ಕಾರಣಕ್ಕೆ. ಇನ್ನು ಸ್ಪಂಜಿನ ದಪ್ಪ ಗಾದಿಯ ಸ್ವಂತ ಅಲುಗಾಟವೂ ಸೆಕೆಂಡಿಗೆ ಮೂರು, ನಾಲ್ಕು, ಐದು ಸಲದ ಆಸುಪಾಸಿನಲ್ಲೇ ಇರುತ್ತದೆ. ಯಾವ ಸ್ಪ್ರಿಂಗೂ ತನ್ನ ಸ್ವಂತ ಲಯದ ಹತ್ತಿರ ಬಂದ ಕುಲುಕನ್ನು ತಡೆಯಲಾರದು, ಇನ್ನಷ್ಟು ಎತ್ತಿ ಕೊಡುತ್ತದೆ. ತನ್ನ ಲಯದ ಸುಮಾರು ಒಂದೂವರೆ ಪಟ್ಟು ದಾಟಿದ ಮೇಲಷ್ಟೇ ಅದು ತಡೆಯಲು ಶುರುಮಾಡುವುದು. ಹಾಗಾಗಿ ಶೋರೂಮಿನಲ್ಲಿ ಮೆತ್ತಗೆ ಅನ್ನಿಸಿದ ಗಾದಿಯೇ ಹೊಲದಲ್ಲಿ ಬೆನ್ನಿಗೆ ಹೆಚ್ಚು ಹೊಡೆತ ಕೊಡುವ ಸಂಭವ ಇದೆ. ಕೂರುವವನನ್ನು ಕಾಯುವುದು ಗಾದಿಯ ಕೆಳಗಿನ ಏರ್ಪಾಟು: ಸೆಕೆಂಡಿಗೆ ಒಂದೆರಡು ಸಲದಷ್ಟು ನಿಧಾನ ಏರಿಳಿಯುವ ಸ್ಪ್ರಿಂಗು, ಅದನ್ನು ಹಿಡಿದು ನಿಲ್ಲಿಸುವ ಡ್ಯಾಂಪರು, ಕೂರುವವನ ತೂಕಕ್ಕೆ ಹೊಂದಿಸುವ ತಿರುಪು. ಇದು ಎರಡು ನಿಮಿಷ ಕೂತರೆ ಗೊತ್ತಾಗುವುದಿಲ್ಲ, ನಿಂತ ಟ್ರ್ಯಾಕ್ಟರಿನಲ್ಲಂತೂ ಗೊತ್ತಾಗುವುದೇ ಇಲ್ಲ.

ಕಾರಿಗಾದರೆ ಗಾಲಿಗೂ ಬಾಡಿಗೂ ನಡುವೆ ಸ್ಪ್ರಿಂಗು ಇರುತ್ತದೆ. ಸಾಮಾನ್ಯ ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗೆ ಅದೊಂದೂ ಇಲ್ಲ. ನೆಲಕ್ಕೂ ಡ್ರೈವರನ ಬೆನ್ನಿಗೂ ನಡುವೆ ಇರುವುದು ಟಾಯರಿನೊಳಗಿನ ಗಾಳಿ ಮತ್ತು ಸೀಟು, ಎರಡೇ.

ನೆಲ ಎಂಥದ್ದು ಎನ್ನುವುದೂ ಮುಖ್ಯ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಬಹುಭಾಗ ಎರಿ ಭೂಮಿ. ನೀರು ಕುಡಿದರೆ ಉಬ್ಬುವ, ಒಣಗಿದರೆ ಬಿರಿದು ಬಾಯಿ ಬಿಡುವ ಜೇಡಿ. ಬೇಸಿಗೆಯಲ್ಲಿ ಪಲ್ಟಿ ನೇಗಿಲು ಹೊಡೆದರೆ ಕಲ್ಲಿನಂಥ ಹೆಂಟೆಗಳು ಏಳುತ್ತವೆ. ಪಲ್ಟಿ ಹೊಡೆಯುವಾಗ ಒಂದು ಕಡೆಯ ಗಾಲಿ ಆಗಲೇ ಬಿದ್ದ ಸಾಲಿನಲ್ಲೂ ಇನ್ನೊಂದು ಮೇಲಿನ ಗಟ್ಟಿ ನೆಲದ ಮೇಲೂ ಓಡುವುದರಿಂದ ಟ್ರ್ಯಾಕ್ಟರ್ ವಾಲಿಕೊಂಡೇ ಇರುತ್ತದೆ. ಡ್ರೈವರ್ ಹಗಲಿಡೀ ಒಂದು ಪಕ್ಕೆಗೆ ವಾಲಿ ಕೂತಿರುತ್ತಾನೆ. ಮೇಲಾಗಿ ಹಿಂದಿನ ನೇಗಿಲು ಸರಿಯಾಗಿ ಇಳಿದಿದೆಯೇ, ಕೂರಿಗೆಯ ಕೊಳವಿಯಲ್ಲಿ ಬೀಜ ಕಟ್ಟಿದೆಯೇ ಎಂದು ಗಳಿಗೆಗೊಮ್ಮೆ ಸೊಂಟ ತಿರುಗಿಸಿ ಹಿಂದೆ ನೋಡಬೇಕು. ಕುಲುಕಿನ ಜೊತೆ ತಿರುಚು ಸೇರಿದರೆ ಬೆನ್ನೆಲುಬಿನ ಗಾದಿಗಳಿಗೆ ಆಗುವ ಪೆಟ್ಟು ಹೆಚ್ಚು. ಕಲಘಟಗಿಯ ಭತ್ತದ ಗದ್ದೆಯ ಕೆಸರು ಇದಕ್ಕಿಂತ ಮೃದು ನಿಜ. ಆದರೆ ಅಲ್ಲಿಯ ಡ್ರೈವರನಿಗೆ ಕಬ್ಬಿನ ಹಂಗಾಮು ಇದೆ. ಹಳಿಯಾಳದ ಕಾರ್ಖಾನೆಗೆ ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಹೋಗುವಾಗ ಮೇಲೆ ಕೆಳಗಿನ ಕುಕ್ಕು ಅಲ್ಲ, ಹಿಂದಿನ ಭಾರ ನೂಕುತ್ತ ಜಗ್ಗುತ್ತ ಕೊಡುವ ಮುಂದೆ ಹಿಂದಿನ ಜೋಲಿ. ಸ್ಪ್ರಿಂಗಿನ ಸೀಟು ಕೂಡ ಇದಕ್ಕೆ ದೊಡ್ಡ ಮದ್ದಲ್ಲ.

ಎರಿ ಹೊಲದ ಇನ್ನೊಂದು ಗುಣ ಡ್ರೈವರನ ಪಾಲಿಗೆ ಹೆಂಟೆಗಿಂತ ದೊಡ್ಡದು. ಅದರ ಹದ ಬಹಳ ಸಣ್ಣದು. ಹಸಿಯಿದ್ದರೆ ಗಾಲಿಗೆ ಮೆತ್ತಿಕೊಂಡು ಹೂಳುತ್ತದೆ, ಒಣಗಿದರೆ ಕಬ್ಬಿಣ. ನಡುವಿನ ಕೆಲವೇ ದಿನಗಳಲ್ಲಿ ಊರಿಗೆ ಊರೇ ಬಿತ್ತಬೇಕು. ಜೂನಿನಲ್ಲಿ ಹೆಸರಿನ ಬಿತ್ತಿಗೆಗೆ ಈ ಗಡಿಬಿಡಿ. ಹೆಸರು ಕಿತ್ತ ಮೇಲೆ ಹಿಂಗಾರಿ ಜೋಳ, ಕಡಲೆಗೆ ಹೊಲ ಹರಗಿ ಹಸನು ಮಾಡುವಾಗ ಮತ್ತೊಮ್ಮೆ. ಆಗ ಟ್ರ್ಯಾಕ್ಟರಿಗೆ ರಾತ್ರಿ ಎಂಬುದೇ ಇಲ್ಲ. ನವಲಗುಂದದ ಸೀಮೆಯಲ್ಲಿ ಆ ದಿನಗಳಲ್ಲಿ ನಡುರಾತ್ರಿ ರಸ್ತೆಯಲ್ಲಿ ಹೋದವರಿಗೆ ಹೊಲದ ತುಂಬ ಓಡಾಡುವ ದೀಪಗಳು ಕಾಣುತ್ತವೆ. ಹನ್ನೆರಡು, ಹದಿನಾಲ್ಕು ತಾಸು ಸೀಟು ಬಿಟ್ಟಿಳಿಯದ ಡ್ರೈವರ್ ಆಗ ಅಪರೂಪದವನಲ್ಲ.

ಈ ತಾಸುಗಳಿಗೆ ಲೆಕ್ಕ ಇದೆ. ಐರೋಪ್ಯ ಒಕ್ಕೂಟ 2002ರಲ್ಲಿ ಮಾಡಿದ ಕಂಪನದ ನಿರ್ದೇಶನದ ಪ್ರಕಾರ ಎಂಟು ತಾಸಿನ ದಿನಕ್ಕೆ ಸರಾಸರಿ 0.5 ಮೀ/ಸೆ² ದಾಟಿದರೆ ಮಾಲೀಕ ಕ್ರಮ ಕೈಗೊಳ್ಳಬೇಕು, 1.15 ದಾಟಿಸಲೇ ಕೂಡದು. ಕುಲುಕಿನ ಹೊರೆ ವೇಗೋತ್ಕರ್ಷದ ವರ್ಗದ ಪ್ರಕಾರ ಏರುತ್ತದೆ. ಸೀಟಿನಲ್ಲಿ 1.0 ಅಳತೆ ಬಂದರೆ ಎರಡೇ ತಾಸಿಗೆ ಮೊದಲ ಗೆರೆ ಮುಟ್ಟುತ್ತದೆ, ಹತ್ತೂವರೆ ತಾಸಿಗೆ ಕೊನೆಯ ಗೆರೆ. ಅದೇ ಸೀಟು ಕುಲುಕನ್ನು ಅರ್ಧಕ್ಕೆ ಇಳಿಸಿದರೆ ಮೊದಲ ಗೆರೆಗೆ ಎಂಟು ತಾಸು ಬೇಕಾಗುತ್ತದೆ. ಅರ್ಧ ಕುಲುಕು ಎಂದರೆ ನಾಲ್ಕು ಪಟ್ಟು ಹೊತ್ತು. ಬಿರುಸು ನೆಲದಲ್ಲಿ ವೇಗವಾಗಿ ಕಲ್ಟಿವೇಟರ್ ಎಳೆಯುವ ಟ್ರ್ಯಾಕ್ಟರಿಗೆ 1.0 ಎಂಬುದು ಅತಿಶಯದ ಅಂಕಿಯಲ್ಲ. ಇಟಲಿಯ ಮಾಸ್ಸಿಮೊ ಬೊವೆಂಝಿ ಮತ್ತು ಸಂಗಡಿಗರೊಬ್ಬರು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 1,155 ಟ್ರ್ಯಾಕ್ಟರ್ ಡ್ರೈವರುಗಳನ್ನು 220 ಕಚೇರಿ ನೌಕರರ ಜೊತೆ ಹೋಲಿಸಿ ನೋಡಿದಾಗ ಡ್ರೈವರುಗಳಲ್ಲಿ ಕೆಳಬೆನ್ನಿನ ನೋವು ಹೆಚ್ಚಿತ್ತು. ಕುಲುಕಿಗೂ ವಕ್ರ ಭಂಗಿಗೂ ಎರಡಕ್ಕೂ ಅದರ ಜೊತೆ ಸಂಬಂಧ ಇದೆ ಎಂದು ಕಂಡಿತು. ಬೆನ್ನುನೋವು ಯಾರಿಗಿಲ್ಲ ಎಂಬ ಮಾತು ಬರುತ್ತದೆ, ಖರೇನೇ. ಮೂಟೆ ಹೊತ್ತವನಿಗೂ ಇದೆ, ಕಳೆ ತೆಗೆದ ತಾಯಿಗೂ ಇದೆ. ಒಬ್ಬೊಬ್ಬನ ನೋವಿಗೂ ಇದೇ ಕಾರಣ ಎಂದು ಯಾವ ಡಾಕ್ಟರೂ ಬೆರಳು ಮಾಡಿ ತೋರಿಸಲಾರ. ಡ್ರೈವರನ ಕೇಸು ಬಿದ್ದುಹೋಗುವುದೇ ಈ ಸಂದಿಯಲ್ಲಿ: ಕೈ ಸಿಕ್ಕು ತುಂಡಾದರೆ ಎಲ್ಲರಿಗೂ ಕಾಣುತ್ತದೆ, ಟೊಂಕ ಹೋದದ್ದು ಕಾಣುವುದಿಲ್ಲ. ರಾಶಿ ಮಷಿನ್ನಿಗೆ ಕೈ ಕೊಟ್ಟವರ ಸುದ್ದಿ ಹೆಚ್ಚಿದಾಗ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆ ಬಂತು. ಟೊಂಕಕ್ಕೆ ಅಂಥ ಕಾಯ್ದೆ ಬರಲಿಲ್ಲ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಬಂದವರು ಅಲ್ಲಿಯ ಹುಲ್ಲು ಕತ್ತರಿಸುವ ಮಷಿನ್ನುಗಳನ್ನು ನೋಡಿರುತ್ತಾರೆ. 1960ರ ದಶಕದಲ್ಲಿ ಕಾನ್ಸಸ್‌ನಲ್ಲಿ ಹುಟ್ಟಿದ, ನಿಂತಲ್ಲೇ ಗಿರಕಿ ಹೊಡೆಯುವ 'ಝೀರೊ ಟರ್ನ್' ಎಂಬ ತಳಿ ಇದೆ. ಎರಡು ಹಿಡಿಕೆ, ಎರಡು ಹಿಂದಿನ ಗಾಲಿ, ಒಂದು ಮುಂದೆ ಓಡಿ ಒಂದು ಹಿಂದೆ ಓಡಿದರೆ ಮಷಿನ್ನು ಇದ್ದಲ್ಲೇ ತಿರುಗುತ್ತದೆ. ನಮಗೆ ಅಂಗಳದ ಹುಲ್ಲಿನ ಚಿಂತೆ ಇಲ್ಲ, ಬಿಡಿ. ಆದರೆ ಅಲ್ಲಿಯ ವ್ಯಾಪಾರದಲ್ಲಿ ನಮಗೆ ಬೇಕಾದದ್ದು ಒಂದಿದೆ. ಅದನ್ನು ಮನೆಬಳಕೆಗೆ ಬೇರೆ, ಗುತ್ತಿಗೆ ಕೆಲಸಕ್ಕೆ ಬೇರೆ ಮಾಡುತ್ತಾರೆ. ಮನೆಯವನು ವಾರಕ್ಕೊಮ್ಮೆ ಒಂದು ತಾಸು ಓಡಿಸುತ್ತಾನೆ, ಅವನಿಗೆ ಗಟ್ಟಿ ಚೌಕಟ್ಟಿನ ಮೇಲೆ ಎತ್ತರ ಬೆನ್ನಿನ ಗಾದಿ ಸಾಕು ಎಂದು ಬಹಳ ಕಾಲ ನಡೆಯಿತು. ಗುತ್ತಿಗೆಯವನು ದಿನವಿಡೀ ಕೂರುತ್ತಾನೆ, ಅವನಿಗೆ ಸಸ್ಪೆನ್ಷನ್ ಸೀಟು ಬಂತು. ಫೆರಿಸ್‌ನಂಥ ಕಂಪನಿ ಗಾಲಿಗಳಿಗೇ ಸ್ಪ್ರಿಂಗು ಕೊಟ್ಟಿತು, ಟೋರೊದವರು ಡ್ರೈವರ್ ಕೂರುವ ಹಲಗೆಯನ್ನೇ ತೇಲಿಬಿಟ್ಟರು. ಈಗ ಇವು ಮನೆಬಳಕೆಯ ಮಾಡೆಲ್ಲುಗಳಿಗೂ ಇಳಿಯುತ್ತಿವೆ. ವ್ಯಾಪಾರಿಗಳಿಗೆ ದಯೆ ಹುಟ್ಟಿ ಮಾಡಿದ್ದಲ್ಲ ಇದು. ಅಲ್ಲಿ ಸಣ್ಣ ಗುತ್ತಿಗೆದಾರ ಬಹಳ ಸಲ ತಾನೇ ಕೂತು ಓಡಿಸುತ್ತಾನೆ. ಆಳು ಇಟ್ಟವನಿಗೂ ಬೆನ್ನು ಹಿಡಿದ ಆಳು ಬಿಟ್ಟು ಹೋದರೆ ಇನ್ನೊಬ್ಬ ಸಿಗುವುದು ಕಷ್ಟ. ಕೊಳ್ಳುವವನ ಬೆನ್ನಿಗೋ ಜೇಬಿಗೋ ನೋವು ತಟ್ಟಿತು, ಅದಕ್ಕೇ ಸೀಟು ಸುಧಾರಿಸಿತು.

ನಮ್ಮಲ್ಲಿ ಇಬ್ಬರಿಗೂ ಟ್ರ್ಯಾಕ್ಟರ್ ಒಂದೇ. ಸ್ವಂತ ಹತ್ತು ಎಕರೆಗೆ ಇಟ್ಟುಕೊಂಡ ರೈತನೂ, ಊರ ತುಂಬ ಬಾಡಿಗೆ ಹೊಡೆಸುವ ಸಾಹುಕಾರರೂ ಅದೇ ಮಾಡೆಲ್ಲು, ಅದೇ ಸೀಟು ಒಯ್ಯುತ್ತಾರೆ. ಸ್ವಂತದವನು ವರ್ಷಕ್ಕೆ ಕೆಲವು ನೂರು ತಾಸು ಓಡಿಸಬಹುದು. ಬಾಡಿಗೆಯದು ಅದರ ಎಷ್ಟೋ ಪಟ್ಟು ಓಡುತ್ತದೆ, ಮೇಲೆ ಕೂತವನು ಪಗಾರಿನ ಡ್ರೈವರ್. ಅಮೆರಿಕದ ಗುತ್ತಿಗೆದಾರನಿಗೆ ತಟ್ಟಿದ ನೋವು ಇಲ್ಲಿಯ ಮಾಲೀಕರಿಗೆ ತಟ್ಟುವುದಿಲ್ಲ. ಟೊಂಕ ಹಿಡಿದ ಡ್ರೈವರ್ ಈ ವರ್ಷ ಬಿಟ್ಟರೆ ಮುಂದಿನ ಯುಗಾದಿಗೆ ಇನ್ನೊಬ್ಬ ಹುಡುಗ ಸಿಗುತ್ತಾನೆ.

ಬಾಡಿಗೆ ಟ್ರ್ಯಾಕ್ಟರಿನ ಹಳೆಯ ಸೀಟನ್ನು ಹತ್ತಿರ ಹೋಗಿ ನೋಡಿದ್ದೀರಾ? ರೆಗ್ಜಿನ್ನು ಹರಿದು ಹಳದಿ ಸ್ಪಂಜು ಹೊರಗೆ ಇಣುಕುತ್ತಿರುತ್ತದೆ, ಅದರ ಮೇಲೆ ಮಡಿಚಿದ ಗೋಣಿಚೀಲ, ಅದು ಜಾರದಂತೆ ಹಳೆ ಟ್ಯೂಬು ಕತ್ತರಿಸಿ ಬಿಗಿದ ಪಟ್ಟಿ. ಬಗ್ಗಿ ನೋಡಿದರೆ ತೂಕ ಹೊಂದಿಸುವ ತಿರುಪು ಮಣ್ಣು, ಗ್ರೀಸು ಸೇರಿ ಕಲ್ಲಾಗಿರುತ್ತದೆ. ಬಹುಶಃ ಕಾರ್ಖಾನೆಯಿಂದ ಬಂದ ದಿನದಿಂದ ಯಾರೂ ತಿರುವಿಲ್ಲ. ಇಂಥ ಸೀಟುಗಳನ್ನು ಸಾಮಾನ್ಯವಾಗಿ 50ರಿಂದ 120 ಕಿಲೊ ತನಕ ಹೊಂದಿಸುವಂತೆ ಮಾಡಿರುತ್ತಾರೆ. ದಪ್ಪ ಆಳಿಗೆ ಬಿಗಿ ಮಾಡಿಟ್ಟ ಸ್ಪ್ರಿಂಗಿನ ಮೇಲೆ 55 ಕಿಲೊದ ಹುಡುಗ ಕೂತರೆ ಅದು ತಗ್ಗುವುದೇ ಇಲ್ಲ, ಸಸ್ಪೆನ್ಷನ್ ಇದ್ದೂ ಇಲ್ಲದಂತೆ. ಸಡಿಲವಾಗಿದ್ದು ಭಾರದವನು ಕೂತರೆ ಪ್ರತಿ ಒಡ್ಡಿಗೂ ತಳಕ್ಕೆ ಬಡಿಯುತ್ತದೆ. ಟಾಯರಿನ ಗತಿಯೂ ಇದೇ. ಹೊಲಕ್ಕೆ ಹಿಂದಿನ ಗಾಲಿಯಲ್ಲಿ ಹನ್ನೆರಡರಿಂದ ಹದಿನಾಲ್ಕು ಪೌಂಡು ಗಾಳಿ ಸಾಕು ಎನ್ನುತ್ತದೆ ಬಹಳಷ್ಟು ಕೈಪಿಡಿ. ಟ್ರೇಲರ್ ಹೇರಿಗೆ ಎಂದು ಏರಿಸಿದ ಗಾಳಿ ಹೊಲಕ್ಕಿಳಿದಾಗಲೂ ಹಾಗೇ ಇರುತ್ತದೆ. ತಿರುಪು ತಿರುವುವುದಕ್ಕೂ ಗಾಳಿ ಇಳಿಸುವುದಕ್ಕೂ ರೊಕ್ಕ ಬೇಡ. ಆದರೂ ಆಗುವುದಿಲ್ಲ, ಯಾಕೆಂದರೆ ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ. ಅಂಥ ಸೀಟಿನ ಮೇಲೆ ಕೂರುವ ಡ್ರೈವರನನ್ನು ಮಾಲೀಕರು ಕೇಳಿದರೂ ಮಾತು ಹೀಗೇ ಮುಗಿಯುತ್ತದೆ.

"ಯಾಕೋ ತಮ್ಮಾ, ಸೀಟು ತ್ರಾಸ ಕೊಡತೈತೇನು?"

"ಏನಿಲ್ಲ ತಗೋರಿ ಸಾವಕಾರ್ರ, ರೂಢಿ ಆಗೇತಿ."

ಈ ರೂಢಿ ಎಂಬುದನ್ನು ನಾನು ನಂಬುವುದಿಲ್ಲ. ಮನಸ್ಸಿಗೆ ರೂಢಿಯಾಗುತ್ತದೆ, ಬೆನ್ನೆಲುಬಿನ ಗಾದಿಗೆ ಆಗುವುದಿಲ್ಲ. ಅಷ್ಟಕ್ಕೂ ಅವನು ಬೇರೆ ಏನು ಹೇಳಿಯಾನು? ತ್ರಾಸ ಆಗುತ್ತದೆ ಎಂದವನನ್ನು ಮುಂದಿನ ವರ್ಷ ಕರೆಯಲಿಕ್ಕಿಲ್ಲ ಎಂದು ಅವನಿಗೆ ಗೊತ್ತು. ಹಾಗೆಂದು ಮಾಲೀಕರೆಲ್ಲ ಜಿಪುಣರೂ ಅಲ್ಲ. ಅದೇ ಟ್ರ್ಯಾಕ್ಟರಿಗೆ ಸಾವಿರಾರು ರೂಪಾಯಿ ಸುರಿದು ಸೌಂಡ್ ಬಾಕ್ಸು, ಬಣ್ಣದ ಲೈಟು, ಗೊಂಡೆ ಕಟ್ಟಿಸಿರುತ್ತಾರೆ. ಮೈಲಿಯಾಚೆ ಕೇಳುವ ಜವಾರಿ ಹಾಡಿಗೆ ರೊಕ್ಕ ಸಿಗುತ್ತದೆ, ಹಾಡು ಹಚ್ಚುವವನ ಬೆನ್ನಿಗೆ ಸಿಗುವುದಿಲ್ಲ. ಹಾಡು ಊರಿಗೆ ಕೇಳುತ್ತದೆ, ಸೀಟು ಯಾರಿಗೂ ಕಾಣುವುದಿಲ್ಲ.

ಹಿರಿಯರ ವಾದ ಒಂದಿದೆ. ಚಕ್ಕಡಿಗೆ ಎಲ್ಲಿತ್ತು ಸ್ಪ್ರಿಂಗು, ನಾವೇನು ಸತ್ತೆವೇ ಎನ್ನುತ್ತಾರೆ. ಚಕ್ಕಡಿ ಎತ್ತಿನ ನಡಿಗೆಯಲ್ಲಿ ಹೋಗುತ್ತಿತ್ತು, ಕುಲುಕು ವೇಗದ ಜೊತೆ ಏರುವಂಥದ್ದು. ಗಳೆ ಹೊಡೆಯುವವನೂ ಕುಂಟೆ ಹೊಡೆಯುವವನೂ ಎತ್ತಿನ ಹಿಂದೆ ನಡೆಯುತ್ತಿದ್ದರು, ಕಾಲು ಸೋಲುತ್ತಿತ್ತು. ಎತ್ತಿಗೆ ದಣಿವಾಗುತ್ತಿದ್ದುದರಿಂದ ಮನುಷ್ಯನಿಗೂ ಬಿಡುವು ಇತ್ತು. ಎಂಜಿನ್ನಿಗೆ ದಣಿವಿಲ್ಲ, ಅದರ ಜೊತೆ ಕೂತವನಿಗೂ ಇಲ್ಲ ಎಂದು ನಾವು ತಿಳಿದುಬಿಟ್ಟಿದ್ದೇವೆ.

ತಯಾರಿಸಲು ಬಾರದ ವಸ್ತುವೇನೂ ಅಲ್ಲ ಇದು. ನಮ್ಮ ಧಾರವಾಡದಲ್ಲೇ ಟಾಟಾದವರು ಬಸ್ಸು ಕಟ್ಟುತ್ತಾರೆ, ಟಾಟಾ ಹಿಟಾಚಿಯ ಕಾರ್ಖಾನೆ ಇದೆ. ಹಳ್ಳಿಯ ಹುಡುಗ ಕೆರೆಯ ಹೂಳೆತ್ತುವ 'ಹಿಟಾಚಿ'ಯ ಕೆಲಸಕ್ಕೆ ಹೋದರೆ ಕ್ಯಾಬಿನ್ನಿನೊಳಗೆ ತೂಕಕ್ಕೆ ಹೊಂದಿಸುವ ಸೀಟಿನ ಮೇಲೆ ಕೂರುತ್ತಾನೆ. ಮಳೆಯಾಯಿತೆಂದು ಊರಿಗೆ ಬಂದು ಟ್ರ್ಯಾಕ್ಟರ್ ಹತ್ತಿದರೆ ಬಿಸಿಲು, ಧೂಳು, ಗೋಣಿಚೀಲ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯ ಸುತ್ತ ನಡೆದ ಅಖಿಲ ಭಾರತ ಯೋಜನೆಯೊಂದು ದೇಶದ ಕೃಷಿ ಕೆಲಸಗಾರರ ಮೈ ಅಳತೆಗಳನ್ನೇ ಕೂಡಿಸಿ 2009ರಲ್ಲಿ ಪುಸ್ತಕ ಮಾಡಿಟ್ಟಿದೆ. ಸೀಟು ಎಷ್ಟು ಅಗಲ, ಪೆಡಲು ಎಷ್ಟು ದೂರ ಎಂಬುದಕ್ಕೆ ಇನ್ನು ಯುರೋಪಿನವರ ಕಾಲಳತೆ ನೋಡಬೇಕಿಲ್ಲ. ಮಧ್ಯಪ್ರದೇಶದ ಬುದ್ನಿಯ ಪರೀಕ್ಷಾ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ, ಕಂಪನವನ್ನೂ ಅಳೆಯುತ್ತದೆ. ಆದರೆ ಅಲ್ಲಿ ಅಳೆಯುವುದು ನಿಲ್ಲಿಸಿಟ್ಟ ಟ್ರ್ಯಾಕ್ಟರಿನ ಎಂಜಿನ್ನಿನ ನಡುಕ, ಮೈಕ್ರಾನ್ ಲೆಕ್ಕದಲ್ಲಿ. ಡ್ರೈವರನ ಟೊಂಕ ಮುರಿಯುವುದು ಎಂಜಿನ್ನಿನ ನಡುಕ ಅಲ್ಲ, ಹೆಂಟೆಯ ಮೇಲಿನ ಜಿಗಿತ. ಅದು ಆ ಕೋಷ್ಟಕದಲ್ಲಿ ಸಿಗುವುದಿಲ್ಲ.

ರೊಕ್ಕ ಎಲ್ಲಿಂದ ಎಂದು ಕೇಳುವವರಿಗೆ ಒಂದು ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಮೇಲಿನ ಜಿ.ಎಸ್.ಟಿ. ಶೇ. 12ರಿಂದ 5ಕ್ಕೆ ಇಳಿಯಿತು. ತೆರಿಗೆ ಬಿಟ್ಟು ಎಂಟು ಲಕ್ಷದ ಟ್ರ್ಯಾಕ್ಟರಿಗೆ ಇದು 56,000 ರೂಪಾಯಿ. ಒಳ್ಳೆಯ ಸೀಟು ಈ ಮೊತ್ತದೊಳಗೆ ಬರುವುದಿಲ್ಲ ಎಂದು ಯಾರೂ ವಾದಿಸಲಾರರು.

ಸ್ವಂತ ರೊಕ್ಕದಲ್ಲಿ ಸ್ವಂತ ಹೊಲಕ್ಕೆ ತರುವ ರೈತನಿಗೆ ಇಂಥ ಸೀಟೇ ಹಾಕಿಸು ಎಂದು ಒತ್ತಾಯಿಸುವ ಪಕ್ಷ ನನ್ನದಲ್ಲ. ಕೂರುವವನೂ ಅವನೇ, ಬೆನ್ನೂ ಅವನದೇ. ಒತ್ತಾಯ ಬೇಕಾದದ್ದು ಬಾಡಿಗೆಗೆ ಓಡುವುದರ ಮೇಲೆ, ಅದರಲ್ಲೂ ಸರ್ಕಾರದ ರೊಕ್ಕ ಸೇರಿದ ಕಡೆ. ರಾಜ್ಯ ಸರ್ಕಾರ 2014-15ರಲ್ಲಿ ಶುರುಮಾಡಿದ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತವೆ. ಅದೇ ವರ್ಷ ಶುರುವಾದ ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನದ ಸಬ್ಸಿಡಿಯೂ ಇದೆ. ಸಣ್ಣ ರೈತನಿಗೆ ಇವುಗಳಿಂದ ಆದ ಉಪಕಾರ ದೊಡ್ಡದು, ಎರಡು ಎಕರೆಯವನು ಎತ್ತು ಕಟ್ಟಲಾರದ ಕಾಲ ಇದು. ಅದೇ ಕಾರಣಕ್ಕೆ ಈ ಕೇಂದ್ರಗಳ ಟ್ರ್ಯಾಕ್ಟರುಗಳ ಮೇಲೆ ಅತಿ ಹೆಚ್ಚು ಹೊತ್ತು ಯಾರೋ ಪಗಾರಿನವರು ಕೂತಿರುತ್ತಾರೆ. ಕೊಳ್ಳುವಾಗ ಎಚ್.ಪಿ. ಬರೆಯುವ ಜಾಗದಲ್ಲಿ ಇನ್ನೊಂದು ಸಾಲು ಸಾಕು: ತೂಕಕ್ಕೆ ಹೊಂದಿಸುವ, ಡ್ಯಾಂಪರ್ ಇರುವ ಸೀಟು, ಓಡುವಾಗ ಸೀಟಿನಲ್ಲಿ ಅಳೆದ ಕಂಪನದ ಅಂಕಿ. ಸರ್ಕಾರ ಕೇಳಿದರೆ ಕಂಪನಿಗಳು ಅಳೆಯುತ್ತವೆ. ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಅಲ್ಲಿ ಟ್ರ್ಯಾಕ್ಟರುಗಳನ್ನು ಸಾಲಾಗಿ ನಿಲ್ಲಿಸಿ ತೋರಿಸುವ ಬದಲು, ಉತ್ತ ಎರಿ ಹೊಲದ ಒಂದು ಪಟ್ಟಿ ಬಿಟ್ಟು, ಒಂದೇ ಟ್ರ್ಯಾಕ್ಟರಿಗೆ ಎರಡು ಸೀಟು ಬದಲಿಸಿ ಯಜಮಾನರನ್ನೇ ಕೂರಿಸಿ ಓಡಿಸಲಿ. ಅಂಗೈಗೆ ತಿಳಿಯದ್ದು ಟೊಂಕಕ್ಕೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಸೀಟಿನಿಂದ ಎಲ್ಲ ಬಗೆಹರಿಯುವುದಿಲ್ಲ ಎಂಬುದಕ್ಕೆ ಕಾರಣ ದರದ ಪದ್ಧತಿ. ಹರಗುವುದು, ಬಿತ್ತುವುದು ಹೆಚ್ಚಾಗಿ ಎಕರೆ ಲೆಕ್ಕ. ಎಕರೆ ಲೆಕ್ಕ ಎಂದರೆ ಗೇರು ಏರಿಸಿದಷ್ಟೂ ಮಾಲೀಕರಿಗೆ ಲಾಭ. ರೂಟರಿನಂಥ ಕೆಲಸಕ್ಕೆ ತಾಸಿನ ಲೆಕ್ಕ ಹಚ್ಚಿದರೆ ಹೊಲದವರು ಬದುವಿನ ಮೇಲೆ ನಿಂತು ಮೀಟರ್ ನೋಡುತ್ತ "ಲಗೂ ಲಗೂ ಹೊಡಿಯಪ್ಪಾ" ಎನ್ನುತ್ತಾರೆ. ಎರಡೂ ಕಡೆಯಿಂದ ವೇಗದ ಒತ್ತಾಯ, ನಡುವೆ ಡ್ರೈವರ್. ಈಗ ಮೂರನೆಯ ಗೇರಿನಲ್ಲಿ ತಡೆದುಕೊಳ್ಳಲಾರದೆ ಅವನು ತಾನಾಗಿ ಎರಡಕ್ಕೆ ಇಳಿಸುತ್ತಾನೆ. ಅವನ ಬೆನ್ನೇ ಅಲ್ಲಿಯ ಬ್ರೇಕು. ಒಳ್ಳೆಯ ಸೀಟು ಕೊಟ್ಟರೆ ಆ ಬ್ರೇಕು ಹೋಗುತ್ತದೆ, ಉಳಿದ ಸುಖವನ್ನೆಲ್ಲ ವೇಗ ನುಂಗಿ ಕುಲುಕು ಮತ್ತೆ ಮೊದಲಿನ ಮಟ್ಟಕ್ಕೆ ಬಂದು ನಿಲ್ಲಬಹುದು. ಹಾಗೆಂದು ಸೀಟು ಕೊಡದಿರುವುದು ಉತ್ತರವಲ್ಲ. ಆದರೆ ಡೀಸೆಲ್ ದರ ಏರಿದಾಗಲೆಲ್ಲ ಟ್ರ್ಯಾಕ್ಟರ್ ಇಟ್ಟವರು ಕೂಡಿ ಎಕರೆಗೆ ಎಷ್ಟು ಎಂದು ಊರಲ್ಲಿ ನಿರ್ಧಾರ ಮಾಡುತ್ತಾರಲ್ಲ, ಆ ಮಾತುಕತೆಯಲ್ಲೇ ಒಬ್ಬ ಡ್ರೈವರ್ ಎಷ್ಟು ತಾಸು ಕೂತ ಮೇಲೆ ಇಳಿದು ಇನ್ನೊಬ್ಬನಿಗೆ ಕೊಡಬೇಕು ಎಂಬುದೂ ತೀರ್ಮಾನವಾಗಬೇಕು. ಹಂಗಾಮಿನ ಆ ಎರಡು ವಾರಗಳಿಗೆ ಟ್ರ್ಯಾಕ್ಟರಿಗೊಬ್ಬ ಪಾಳಿ ಡ್ರೈವರನನ್ನು ಇಟ್ಟರೆ ಆಗುವ ಖರ್ಚು ಎಕರೆಗೆ ಹಂಚಿದಾಗ ಎಷ್ಟು ಬೀಳುತ್ತದೆ ಎಂದು ಅವರೇ ಕೂತು ಲೆಕ್ಕ ಹಾಕಲಿ, ಎಣ್ಣೆಯ ಲೆಕ್ಕ ಪೈಸೆಗೆ ಪೈಸೆ ಗೊತ್ತಿರುವವರು ಅವರು.